ಟೆಕ್ಸ್ಟ್ ಗೇಮ್‌ನಲ್ಲಿ ಟೈಮು: ಕೊನೆ ಬಸ್ಸು ಯಾಕೆ ಬರ್ಲೇ ಇಲ್ಲ

ಇನ್‌ಫಾರ್ಮ್ 7 (ಓದಿ, ಟೈಪ್ ಮಾಡಿ ಆಡೋ ಟೆಕ್ಸ್ಟ್ ಗೇಮ್ ಬರೆಯೋ ಭಾಷೆ) ಕಲೀತಾ ಇರೋರಿಗೆ ಈ ಟಿಪ್ಪಣಿ, ನಾನೂ ಕಲೀತಾನೇ ಇದೀನಿ. ನನ್ನ ಆಟದ ಕಥೆ ಸಣ್ದು: ದಾವಣಗೆರೆ ಬಸ್‌ಸ್ಟ್ಯಾಂಡು, ರಾತ್ರಿ 11:30, ದುರ್ಗಕ್ಕೆ ಕೊನೆ ಬಸ್ಸು 11:50ಕ್ಕೆ (ಆಟದ ಬಸ್ಸು ಮಾರಾಯ್ರೆ, ನಂಬ್ಕೊಂಡು ಹೋಗ್ಬ್ಯಾಡ್ರಿ), ಅಷ್ಟರೊಳಗೆ ಮಂಡಕ್ಕಿ ಮಿರ್ಚಿ ತಿಂದು ಚಿಲ್ಲರೆ ಹೊಂದಿಸ್ಕೊಂಡು ಹತ್ಬೇಕು. ಟೆಸ್ಟ್ ಮಾಡೋಕೆ ಕೂತ ಗೆಳೆಯ ಮಿರ್ಚಿ ಮೇಲೆ ಮಿರ್ಚಿ ತಿಂದು 12:10 ಮಾಡ್ದ, ಆದ್ರೂ ಆಟ "ಬಸ್ ಇನ್ನೂ ಬಂದಿಲ್ಲ" ಅಂತಾನೇ ಹೇಳ್ತಾ ಇತ್ತು.

ತಪ್ಪು ನಂದೇ. ಒಳಗಡೆ ಟೈಮ್ ಅಂದ್ರೆ ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಆಯ್ತು ಅನ್ನೋ ಒಂದು ನಂಬರ್ ಅಷ್ಟೆ, 0ಯಿಂದ 1439ರ ತನಕ. 11:50 ಅಂದ್ರೆ 1430, 12:10 ಅಂದ್ರೆ ಬರೀ 10, ನಾನು ಆ ನಂಬರ್ನೇ ನೇರ ಹೋಲಿಸಿದ್ದೆ, 10 ಚಿಕ್ಕದಲ್ವಾ, ಬಸ್ ಟೈಮ್ ಇನ್ನೂ ಆಗಿಲ್ಲ ಅಂತ ಆಟ ಅನ್ಕೊಂಡ್ತು. ಇನ್‌ಫಾರ್ಮ್‌ನ ಸ್ವಂತ ಬಿಫೋರ್, ಆಫ್ಟರ್ ಬಳಸಿದ್ರೆ ಈ ಗೋಳಿಲ್ಲ, ಯಾಕಂದ್ರೆ ಅದು ಹೋಲಿಸುವಾಗ ದಿನ ಬೆಳಗಿನ ಜಾವ 4ಕ್ಕೆ ಶುರು ಅಂತ ಲೆಕ್ಕ ಹಾಕುತ್ತೆ: ಎರಡೂ ಟೈಮಿಗೆ 20 ಗಂಟೆ ಕೂಡಿಸಿ 24ರಿಂದ ಭಾಗಿಸಿ ಶೇಷ ನೋಡುತ್ತೆ. ನಾವೂ ಹಂಗೇ ಅಲ್ವಾ, ರಾತ್ರಿ ಒಂದು ಗಂಟೆಗೆ ಮನೆಗೆ ಬಂದ್ರೂ "ನಾಳೆ ನೋಡೋಣ" ಅಂತ ಮಲಗ್ತೀವಿ, ಆ ನಾಳೆ ಆಗ್ಲೇ ಶುರುವಾಗಿ ಒಂದು ಗಂಟೆ ಆಗಿರುತ್ತೆ.

ಆದ್ರೆ ಕಥೆ ಎರಡು ದಿನ ನಡೆದ್ರೆ ಇದೂ ಸಾಲಲ್ಲ, ಇನ್‌ಫಾರ್ಮ್ ಟೈಮ್ ಇಟ್ಕೊಳೋ ಟೈಮ್ ಆಫ್ ಡೇ ಅನ್ನೋ ವೇರಿಯೇಬಲ್‌ಗೆ ತಾರೀಖು ಅನ್ನೋದೇ ಗೊತ್ತಿಲ್ಲ. ನಾನೀಗ ಆಟ ಶುರುವಾದ ದಿನದ ಮಧ್ಯರಾತ್ರಿಯಿಂದ ಒಟ್ಟು ನಿಮಿಷ ಅಂತ ಒಂದೇ ವೇರಿಯೇಬಲ್ ಇಟ್ಕೊಂಡಿದೀನಿ, ಅದು ಏರ್ತಾ ಹೋಗುತ್ತೆ, ತಿರುಗಿ ಸೊನ್ನೆಗೆ ಬರಲ್ಲ. 1440ರಿಂದ ಭಾಗಿಸಿದ್ರೆ ಎಷ್ಟನೇ ದಿನ, ಶೇಷ ಅವತ್ತಿನ ಟೈಮು, ದಿನವನ್ನ 7ರಿಂದ ಭಾಗಿಸಿದ ಶೇಷ ವಾರ. ಝಡ್-ಮೆಷೀನ್‌ಗೆ (ಇಂಥ ಆಟ ಓಡಿಸೋ ಹಳೇ ಕಾಲ್ಪನಿಕ ಯಂತ್ರ) ಬರೆಯೋರು ಮಾತ್ರ ಹುಷಾರು, ಅಲ್ಲಿ ನಂಬರ್ 32767 ದಾಟಲ್ಲ, ಅಂದ್ರೆ 22 ದಿನ 18 ಗಂಟೆ 7 ನಿಮಿಷಕ್ಕೆ ಕಥೆ ಮುಗಿಸ್ಬೇಕು. ಅದಕ್ಕಿಂತ ದೊಡ್ಡ ನಂಬರ್ ಹಿಡಿಯೋ ಇನ್ನೊಂದು ಅಂಥದೇ ಯಂತ್ರ ಗ್ಲುಲ್ಕ್ಸ್‌ನಲ್ಲಿ ಆ ಚಿಂತೆ ಇಲ್ಲ.

ಇನ್ನೊಂದು, ಒಂದು ಟರ್ನ್‌ಗೆ (ಆಡೋರು ಕೊಡೋ ಒಂದು ಕಮಾಂಡ್‌ಗೆ) ಒಂದು ನಿಮಿಷ ಅನ್ನೋದು ಡೀಫಾಲ್ಟು. ಮಿರ್ಚಿ ತಿಂದ್ರೂ ಒಂದು ನಿಮಿಷ, ದುರ್ಗಕ್ಕೆ ಹೋದ್ರೂ ಒಂದು ನಿಮಿಷ, ಸುಮಾರು 60 ಕಿಲೋಮೀಟರ್ ಐತೆ ಸ್ವಾಮಿ. ಪ್ರಯಾಣದ ನಿಮಿಷ ಕೈಯಾರೆ ಕೂಡಿಸ್ಬೇಕು.

ಈಗ ನಂಗೆ ಮಜಾ ಕೊಟ್ಟ ಭಾಗ, ಟೈಮನ್ನ ಕನ್ನಡದಲ್ಲಿ ಹೇಳೋದು. "10:30 ಪಿಎಂ" ಅಂತ ತೋರಿಸಿದ್ರೆ ಡಿಜಿಟಲ್ ವಾಚ್ ಓದ್ದಂಗಾಗುತ್ತೆ, ರಾತ್ರಿ ಹತ್ತೂವರೆ ಅನ್ಬೇಕು. ಕಷ್ಟ ಅನ್ಕೊಂಡಿದ್ದೆ, ಆದ್ರೆ ಒಂದರಿಂದ ಹನ್ನೆರಡರ ತನಕ ಹೇಳ್ಕೊಂಡು ನೋಡ್ರಿ, ಎಲ್ಲಾ ಉಕಾರದಲ್ಲೇ ಮುಗಿಯುತ್ತೆ, ಹಂಗಾಗಿ ಕೊನೆ ಕೊಂಬು ಉದ್ದ ಮಾಡಿ ಕಾಲು, ವರೆ, ಮುಕ್ಕಾಲು ಅಂಟಿಸಿದ್ರೆ ಆಯ್ತು, ಒಂದಕ್ಕೂ ಅಪವಾದ ಇಲ್ಲ. ಎಡವಿದ್ದು 50ನೇ ನಿಮಿಷದಲ್ಲಿ. 10:50 ಅಂದ್ರೆ "ಹನ್ನೊಂದಕ್ಕೆ ಹತ್ತು ನಿಮಿಷ", ಮುಂದಿನ ಗಂಟೆ ಹೆಸರು ಬೇಕು, ನಾನು ಸುಮ್ನೆ ಒಂದು ಕೂಡಿಸಿದ್ದೆ, 12:50ಕ್ಕೆ ಆಟ "ಹದಿಮೂರಕ್ಕೆ ಹತ್ತು ನಿಮಿಷ" ಅಂತು.

ನಿಜವಾದ ಗಡಿಯಾರ ಓದೋ ಆಸೆ ಇದ್ರೆ: ಝಡ್-ಮೆಷೀನ್‌ಗೆ ಗಡಿಯಾರ ಕಾಣೋದೇ ಇಲ್ಲ, ಗ್ಲುಲ್ಕ್ಸ್ ಆದ್ರೆ ಗ್ಲ್ಕ್ (ಆಟಕ್ಕೂ ಕಂಪ್ಯೂಟರ್‌ಗೂ ನಡುವಿನ ಕೊಂಡಿ) ಮೂಲಕ 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಅಂತ ಸಿಗುತ್ತೆ, ಅದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಟೈಮು), ನಮಗೆ 330 ನಿಮಿಷ ಕೂಡಿಸ್ಬೇಕು. ಇದನ್ನ ಮರೆತು ಬೆಳಿಗ್ಗೆ ಐದಕ್ಕೆ ಎದ್ದು ಓಡಿಸ್ದೆ, ಯುಟಿಸಿಯಲ್ಲಿ ಆಗ ಹಿಂದಿನ ದಿನ ರಾತ್ರಿ ಹನ್ನೊಂದೂವರೆ, ಆಟ ನಿನ್ನೆ ತಾರೀಖು ತೋರಿಸ್ತು. ಅದು ಸರಿಹೋದ್ಮೇಲೆ ಗೆಳೆಯ ಅನ್‌ಡೂ ಒತ್ತಿದ, ಮಿರ್ಚಿ ವಾಪಸ್ ತಟ್ಟೆಗೆ ಬಂತು, ನಿಜ ಗಡಿಯಾರ ಮಾತ್ರ ಹಿಂದೆ ಹೋಗ್ಲಿಲ್ಲ, ಬಸ್ಸೂ ಹೋಗ್ಬಿಟ್ಟಿತ್ತು. ಈಗ ನಿಜ ಗಡಿಯಾರ ಆಟ ಶುರುವಾದಾಗ ಒಂದೇ ಸಲ ಓದ್ತೀನಿ, "ನಮಸ್ಕಾರ, ಊಟ ಆಯ್ತಾ" ಅನ್ಬೇಕೋ "ತಿಂಡಿ ಆಯ್ತಾ" ಅನ್ಬೇಕೋ ಅಂತ ತಿಳ್ಕೊಳೋಕೆ.