ಆಸ್ಪತ್ರೆ ಸೋಂಕು ಮತ್ತು ರೋಗಿಯ ಸುರಕ್ಷತೆ: ಒಂದು ಅಧ್ಯಯನ ಟಿಪ್ಪಣಿ

ದಾಖಲಾಗುವ ಹೊತ್ತಿಗೆ ರೋಗಿಯ ದೇಹದಲ್ಲಿ ಇಲ್ಲದಿದ್ದ, ಒಳಗೊಳಗೇ ಬೆಳೆಯುತ್ತಲೂ ಇರದಿದ್ದ ಸೋಂಕು ಚಿಕಿತ್ಸೆಯ ಅವಧಿಯಲ್ಲಿ ತಗುಲಿದರೆ ಅದನ್ನು ಆಸ್ಪತ್ರೆ ಸೋಂಕು ಎನ್ನುತ್ತೇವೆ. ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಸಾಮಾನ್ಯವಾಗಿ ಈ ಗುಂಪಿಗೆ ಸೇರಿಸುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು 30 ದಿನಗಳವರೆಗೆ, ಕೃತಕ ಕೀಲಿನಂತಹ ವಸ್ತುವನ್ನು ಅಳವಡಿಸಿದ್ದರೆ 90 ದಿನಗಳವರೆಗೆ ಗಮನಿಸಬೇಕಾಗುತ್ತದೆ. ಅಂದರೆ ರೋಗಿ ಮನೆ ಸೇರಿದ ನಂತರ ಕಾಣಿಸಿಕೊಂಡ ಸೋಂಕೂ ಆಸ್ಪತ್ರೆಯ ಲೆಕ್ಕಕ್ಕೇ ಸೇರಬಹುದು ಎಂಬುದನ್ನು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ತೀವ್ರ ಚಿಕಿತ್ಸೆಯ ಆಸ್ಪತ್ರೆಗಳಲ್ಲಿರುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಕನಿಷ್ಠ ಒಂದು ಸೋಂಕು ತಗುಲುತ್ತದೆ. ಹೀಗೆ ಸೋಂಕಿತರಾದವರಲ್ಲಿ ಸರಾಸರಿ 10 ಮಂದಿಗೆ ಒಬ್ಬರು ಅದರಿಂದಲೇ ಸಾಯುತ್ತಾರೆ.

ಮುಖ್ಯವಾಗಿ ಓದಬೇಕಾದ ಸೋಂಕುಗಳು ನಾಲ್ಕು: ಮೂತ್ರ ಹೊರಬರಲು ಹಾಕುವ ನಳಿಕೆಯಾದ ಕ್ಯಾತಿಟರ್‌ನಿಂದ ಬರುವ ಮೂತ್ರನಾಳದ ಸೋಂಕು, ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್‌ನಿಂದ ಬರುವ ರಕ್ತದ ಸೋಂಕು, ವೆಂಟಿಲೇಟರ್‌ನಲ್ಲಿರುವವರಿಗೆ ಬರುವ ನ್ಯುಮೋನಿಯಾ ಮತ್ತು ಶಸ್ತ್ರಚಿಕಿತ್ಸೆಯ ಗಾಯದ ಸೋಂಕು. ಇವುಗಳಲ್ಲಿ ಮೂರಕ್ಕೆ ದಾರಿ ಮಾಡಿಕೊಡುವುದು ನಾವೇ ಹಾಕಿದ ನಳಿಕೆ, ನಾಲ್ಕನೆಯದಕ್ಕೆ ನಾವೇ ಮಾಡಿದ ಗಾಯ. ಚರ್ಮ, ಕೆಮ್ಮು, ಮೂತ್ರದ ಹರಿವು ಮೊದಲಾದ ದೇಹದ ಸಹಜ ರಕ್ಷಣೆಯನ್ನು ಚಿಕಿತ್ಸೆಗಾಗಿ ನಾವು ದಾಟಿರುತ್ತೇವೆ. ಆದ್ದರಿಂದ ಸೋಂಕು ತಡೆಯನ್ನು ಚಿಕಿತ್ಸೆಯಿಂದ ಬೇರೆಯಾದ ಸ್ವಚ್ಛತಾ ಕೆಲಸವೆಂದು ಭಾವಿಸದೆ, ಚಿಕಿತ್ಸೆಯ ಒಂದು ಭಾಗವೆಂದೇ ಓದಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೈಗಳ ವಿಷಯಕ್ಕೆ ಬರೋಣ. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. 1846ರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳಿದ್ದ ಮೊದಲ ವಿಭಾಗದಲ್ಲಿ ಶೇ. 11.4ರಷ್ಟು ತಾಯಂದಿರು ಸತ್ತರೆ, ಸೂಲಗಿತ್ತಿಯರಿದ್ದ ಎರಡನೆಯ ವಿಭಾಗದಲ್ಲಿ ಸತ್ತವರು ಶೇ. 2.8 ಮಾತ್ರ. 1847ರಲ್ಲಿ ಮೊದಲ ವಿಭಾಗದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಸಹೋದ್ಯೋಗಿ ಯಾಕೋಬ್ ಕೋಲೆಚ್ಕಾ ಶವಪರೀಕ್ಷೆಯ ವೇಳೆ ಚಾಕು ತಗುಲಿ ತೀರಿಕೊಂಡಾಗ, ಅವರ ದೇಹದಲ್ಲಿ ಕಂಡ ಲಕ್ಷಣಗಳು ಆ ತಾಯಂದಿರನ್ನು ಕೊಲ್ಲುತ್ತಿದ್ದ ಬಾಣಂತಿ ಜ್ವರದ ಲಕ್ಷಣಗಳನ್ನೇ ಹೋಲುತ್ತಿದ್ದವು. ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುವ ಕೈಗಳೇ ರೋಗವನ್ನು ಹೊತ್ತು ತರುತ್ತಿವೆ ಎಂದು ತೀರ್ಮಾನಿಸಿದ ಸೆಮ್ಮೆಲ್‌ವೈಸ್, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. 1848ರಲ್ಲಿ ಮೊದಲ ವಿಭಾಗದ ಸಾವಿನ ಪ್ರಮಾಣ ಶೇ. 1.3ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಬಗ್ಗೆ ಆಗಿನ್ನೂ ಸಿದ್ಧಾಂತವೇ ನೆಲೆಗೊಂಡಿರಲಿಲ್ಲ ಎಂಬುದನ್ನು ನೆನೆದರೆ ಈ ಗಮನಿಕೆಯ ಬೆಲೆ ಎಷ್ಟೆಂದು ತಿಳಿಯುತ್ತದೆ.

ಕೈ ತೊಳೆಯಬೇಕು ಎಂಬುದು ಇಂದು ಯಾರಿಗೂ ಹೊಸ ವಿಷಯವಲ್ಲ. ಯಾವಾಗ ಎಂಬುದರಲ್ಲೇ ಕಷ್ಟವಿರುವುದು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಐದು ಸಂದರ್ಭಗಳನ್ನು ಗುರುತಿಸಿದೆ: ರೋಗಿಯನ್ನು ಮುಟ್ಟುವ ಮುನ್ನ, ಸೋಂಕುರಹಿತವಾಗಿ ಮಾಡಬೇಕಾದ ಕೆಲಸಕ್ಕೆ ಕೈ ಹಚ್ಚುವ ಮುನ್ನ, ರಕ್ತ ಅಥವಾ ದೇಹದ್ರವ ತಗುಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಮೊದಲೆರಡು ರೋಗಿಯನ್ನು ಕಾಯುತ್ತವೆ. ಉಳಿದ ಮೂರು ಸಿಬ್ಬಂದಿಯನ್ನು ಮತ್ತು ವಾರ್ಡಿನ ಉಳಿದವರನ್ನು ಕಾಯುತ್ತವೆ. ಎರಡನೆಯ ಸಂದರ್ಭ ಹೇಗೆ ಕೈತಪ್ಪುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನರ್ಸ್ ಒಬ್ಬರು ವಾರ್ಡಿನ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಉಜ್ಜಿಕೊಂಡು, ಗ್ಲೌಸ್ ಹಾಕಿಕೊಂಡು ಬರುತ್ತಾರೆ. ಪರದೆ ಎಳೆಯುತ್ತಾರೆ, ಮಂಚದ ಪಕ್ಕದ ಸರಳನ್ನು ಇಳಿಸುತ್ತಾರೆ, ರೋಗಿಯ ನಾಡಿ ಹಿಡಿಯುತ್ತಾರೆ, ಆಮೇಲೆ ಅದೇ ಗ್ಲೌಸಿನಲ್ಲಿ, ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆಯಾದ ಕ್ಯಾನುಲಾದ ಮುಚ್ಚಳ ತೆಗೆದು ಔಷಧ ಚುಚ್ಚುತ್ತಾರೆ. ಅವರು ಕೈ ಶುಚಿ ಮಾಡಿಕೊಂಡದ್ದು ನಿಜ, ಗ್ಲೌಸ್ ಹಾಕಿದ್ದೂ ನಿಜ; ಆದರೂ ಪರದೆ ಮತ್ತು ಸರಳಿನ ಮೇಲಿದ್ದ ರೋಗಾಣುಗಳಿಗೆ ನೇರವಾಗಿ ರಕ್ತನಾಳದ ಬಾಯಿಗೆ ದಾರಿ ಸಿಕ್ಕಿತು. ಮುಚ್ಚಳ ತೆಗೆಯುವ ಮುನ್ನ ಗ್ಲೌಸ್ ಕಳಚಿ ಮತ್ತೊಮ್ಮೆ ಕೈ ಉಜ್ಜಿಕೊಂಡು, ಕ್ಯಾನುಲಾದ ಬಾಯಿಯನ್ನು ಆಲ್ಕೋಹಾಲ್ ಸ್ವಾಬ್‌ನಿಂದ ಒರೆಸಿ ಒಣಗಲು ಬಿಡಬೇಕಿತ್ತು. ಸ್ಯಾನಿಟೈಸರ್ ಮಂಚದ ಬಳಿಯೇ, ಕೈಗೆಟುಕುವಂತೆ ಇರಬೇಕೆಂದು ಹೇಳುವುದು ಇದಕ್ಕಾಗಿಯೇ.

ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಸೋಪು ನೀರಿನ ವಿಧಾನಕ್ಕೆ ಒಟ್ಟು 40ರಿಂದ 60 ಸೆಕೆಂಡು ಬೇಕು. ಕೈಯಲ್ಲಿ ಕೊಳೆ ಕಣ್ಣಿಗೆ ಕಾಣುವಂತಿದ್ದರೆ, ಅಥವಾ ಭೇದಿಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಕಾರಣವೆಂಬ ಶಂಕೆಯಿದ್ದರೆ, ಸೋಪು ನೀರನ್ನೇ ಬಳಸಬೇಕು. ಆ ಬ್ಯಾಕ್ಟೀರಿಯಾದ ಬೀಜಕಗಳನ್ನು (ಗಟ್ಟಿ ಕವಚದ ಸುಪ್ತ ರೂಪಗಳನ್ನು) ಆಲ್ಕೋಹಾಲ್ ಕೊಲ್ಲುವುದಿಲ್ಲ.

ಇನ್ನು ನಳಿಕೆಗಳು. ಮೂತ್ರದ ಕ್ಯಾತಿಟರ್ ಒಳಗಿದ್ದಷ್ಟೂ ದಿನ, ದಿನಕ್ಕೆ ಸುಮಾರು ಶೇ. 3ರಿಂದ 7ರಷ್ಟು ಸೋಂಕಿನ ಅಪಾಯ ಸೇರುತ್ತ ಹೋಗುತ್ತದೆ. ನಳಿಕೆಯ ಮೇಲ್ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಲೋಳೆಯಂತಹ ಪದರವನ್ನು ಕಟ್ಟಿಕೊಳ್ಳುತ್ತವೆ. ಆ ಪದರದೊಳಕ್ಕೆ ಪ್ರತಿಜೀವಕ ಔಷಧ ಸರಿಯಾಗಿ ಇಳಿಯುವುದಿಲ್ಲ. ಚೀಲ ಮೂತ್ರಕೋಶದ ಮಟ್ಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಜೋಡಣೆಯನ್ನು ಸುಮ್ಮನೆ ಬಿಚ್ಚಬಾರದು ಎಂಬ ನಿಯಮಗಳೆಲ್ಲ ಸರಿಯೇ. ಆದರೆ ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಪ್ರತಿದಿನದ ಸುತ್ತಿನಲ್ಲಿ ಕೇಳುವ ಒಂದೇ ಪ್ರಶ್ನೆ: ಈ ರೋಗಿಗೆ ಇದು ಇವತ್ತೂ ಬೇಕೇ? ಹಾಸಿಗೆ ಒದ್ದೆಯಾಗುತ್ತದೆ ಎಂಬುದಷ್ಟೇ ಕ್ಯಾತಿಟರ್ ಉಳಿಸಿಕೊಳ್ಳಲು ಕಾರಣವಾಗಲಾರದು. ವೆಂಟಿಲೇಟರ್‌ನಲ್ಲಿರುವವರ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ ಇಡುವುದರ ಜೊತೆಗೆ, ನಿದ್ರಾಜನಕವನ್ನು ತಗ್ಗಿಸಿ ಸ್ವತಃ ಉಸಿರಾಡಬಲ್ಲರೇ ಎಂದು ದಿನವೂ ಪರೀಕ್ಷಿಸುವುದರ ಹಿಂದೆಯೂ ಇದೇ ವಿಚಾರವಿದೆ.

ಸೆಂಟ್ರಲ್ ಲೈನ್ ವಿಷಯದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಅನುಭವವನ್ನು ವಿವರವಾಗಿ ಓದಬೇಕು. ವೈದ್ಯ ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದು ಕ್ರಮಗಳನ್ನು ಜಾರಿಗೆ ತಂದರು: ಕೈ ಶುಚಿ, ಲೈನ್ ಹಾಕುವಾಗ ಪೂರ್ಣ ರಕ್ಷಣಾ ಉಡುಪು ಮತ್ತು ಹೊದಿಕೆ, ರೋಗಾಣುನಾಶಕವಾದ ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮದ ಶುದ್ಧೀಕರಣ, ಸಾಧ್ಯವಾದಷ್ಟೂ ತೊಡೆಯ ರಕ್ತನಾಳವನ್ನು ಬಿಡುವುದು, ಅಗತ್ಯ ಮುಗಿದ ಲೈನನ್ನು ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸೋಂಕಿನ ದರದಲ್ಲಿ ಶೇ. 66ರವರೆಗೆ ಇಳಿಕೆಯಾಗಿ, 18 ತಿಂಗಳ ಅಧ್ಯಯನದುದ್ದಕ್ಕೂ ಆ ಇಳಿಕೆ ಉಳಿದುಕೊಂಡಿತು. ಐದರಲ್ಲಿ ಯಾವ ಕ್ರಮವೂ ಹೊಸತಾಗಿರಲಿಲ್ಲ. ಹೊಸತೆಂದರೆ, ಬೇಕಾದ ಸಾಮಗ್ರಿಯೆಲ್ಲ ಒಂದೇ ಗಾಡಿಯಲ್ಲಿ ಸಿಗುವಂತೆ ಮಾಡಿದ್ದು, ಮತ್ತು ತುರ್ತು ಸಂದರ್ಭವಲ್ಲದಿದ್ದರೆ, ಕ್ರಮ ತಪ್ಪಿದ ವೈದ್ಯರನ್ನು ಅಲ್ಲೇ ತಡೆದು ನಿಲ್ಲಿಸುವ ಅಧಿಕಾರವನ್ನು ಜೊತೆಗಿದ್ದವರಿಗೆ ಕೊಟ್ಟಿದ್ದು. ಕಿರಿಯರ ಮಾತಿಗೆ ಬೆಲೆಯಿಲ್ಲದ ಕಡೆ ಎಷ್ಟು ಒಳ್ಳೆಯ ಪಟ್ಟಿಯೂ ಗುರುತು ಹಾಕುವ ಕಾಗದವಾಗಿಯೇ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನೂ ಹೀಗೆಯೇ ಓದಬಹುದು. ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಹೊರಡುವ ಮುನ್ನ ಎಂಬ ಮೂರು ಹಂತಗಳಲ್ಲಿ 19 ಅಂಶಗಳನ್ನು ಬಾಯಿಬಿಟ್ಟು ಹೇಳಬೇಕು. ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿಕೊಳ್ಳುವುದೂ ಅದರಲ್ಲೊಂದು. ಒಮ್ಮೆ ಬಾಯಿ ತೆರೆದವರಿಗೆ ಮುಂದೆ ತಪ್ಪು ಕಂಡಾಗ ಮಾತಾಡುವುದು ಸುಲಭವಾಗುತ್ತದೆ. ಎಂಟು ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು.

ಉಪಕರಣಗಳ ಕ್ರಿಮಿನಾಶನವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮೊದಲು ತೊಳೆಯದ ಉಪಕರಣವನ್ನು, ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದರೆ, ಒಣಗಿದ ರಕ್ತದ ಅಡಿಯಲ್ಲಿ ರೋಗಾಣುಗಳು ಬದುಕುಳಿಯಬಹುದು ಎಂಬುದಷ್ಟನ್ನು ನೆನಪಿಟ್ಟರೆ ಸದ್ಯಕ್ಕೆ ಸಾಕು.

ಸಿಬ್ಬಂದಿಯ ಸುರಕ್ಷತೆಯೂ ಇದೇ ಪಾಠದ ಭಾಗ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗುಲುವ ಸಂಭವ ಸುಮಾರು ಶೇ. 0.3, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗುಲುವ ಸಂಭವ ಶೇ. 30ರವರೆಗೂ ಇರಬಹುದು. ಆದ್ದರಿಂದ ಲಸಿಕೆ ಮೊದಲೇ ಆಗಿರಬೇಕು, ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬಾರದು, ಸೂಜಿ ಹಾಕುವ ಪೆಟ್ಟಿಗೆ ಕೆಲಸ ನಡೆಯುವ ಜಾಗದಲ್ಲೇ ಇರಬೇಕು, ಮುಕ್ಕಾಲು ತುಂಬಿದೊಡನೆ ಅದನ್ನು ಬದಲಿಸಬೇಕು. ಚುಚ್ಚಿಕೊಂಡರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು, ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧವನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಮುಂದುವರಿಸಬೇಕಾದ್ದರಿಂದ, ಬೈಗುಳಕ್ಕೆ ಹೆದರಿ ವರದಿಯನ್ನು ಮುಂದೂಡಿದ ಪ್ರತಿಯೊಂದು ಗಂಟೆಯೂ ಆ ಸಿಬ್ಬಂದಿಗೆ ನಷ್ಟವೇ.