‘ನೋ ಫಸ್ಟ್ ಯೂಸ್’ ಎಂದರೇನು?

ಅಣ್ವಸ್ತ್ರವನ್ನು ನಾವಾಗಿ ಮೊದಲು ಪ್ರಯೋಗಿಸುವುದಿಲ್ಲ, ನಮ್ಮ ಮೇಲೆ ಪ್ರಯೋಗವಾದರೆ ಮಾತ್ರ ಅದೇ ಅಸ್ತ್ರದಿಂದ ಉತ್ತರ ಕೊಡುತ್ತೇವೆ ಎಂಬ ಘೋಷಣೆಯೇ ‘ನೋ ಫಸ್ಟ್ ಯೂಸ್’. ಕನ್ನಡದಲ್ಲಿ ‘ಮೊದಲು ಬಳಸದ ನೀತಿ’ ಎನ್ನಬಹುದು. ಚೀನಾ ತನ್ನ ಮೊದಲ ಪರೀಕ್ಷೆ ನಡೆಸಿದ 1964ರ ಅಕ್ಟೋಬರ್ 16ರಂದೇ ಈ ಮಾತು ಕೊಟ್ಟಿತು. ಭಾರತ ಕೊಟ್ಟದ್ದು 1998ರ ಪೋಖ್ರಾನ್ ಪರೀಕ್ಷೆಗಳ ನಂತರ. ಪಾಕಿಸ್ತಾನ ಕೊಟ್ಟಿಲ್ಲ.

ಭಾರತದ ಈ ಮಾತು ಒಪ್ಪಂದವಲ್ಲ, ಸಂಸತ್ತು ಮಾಡಿದ ಕಾನೂನೂ ಅಲ್ಲ. 1999ರಲ್ಲಿ ಕೆ. ಸುಬ್ರಹ್ಮಣ್ಯಂ ನೇತೃತ್ವದ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯಿಂದ ಅಣ್ವಸ್ತ್ರ ನೀತಿಯ ಕರಡು ಬಂತು. ಇಂದಿಗೂ ಆಧಾರವಾಗಿರುವುದು 2003ರ ಜನವರಿ 4ರಂದು ಭದ್ರತೆ ಕುರಿತ ಸಂಪುಟ ಸಮಿತಿ ಹೊರಡಿಸಿದ ಚಿಕ್ಕ ಪತ್ರಿಕಾ ಪ್ರಕಟಣೆ. ಅದನ್ನು ಪದ ಬಿಡದೆ ಓದಬೇಕು, ಏಕೆಂದರೆ ಹೆಚ್ಚಿನ ತಪ್ಪು ತಿಳಿವಳಿಕೆ ಹುಟ್ಟುವುದು ಅರ್ಧ ಓದಿದವರಿಂದ.

‘ಭಾರತದ ನೆಲದ ಮೇಲೆ ಅಥವಾ ಎಲ್ಲೇ ಇರುವ ಭಾರತೀಯ ಪಡೆಗಳ ಮೇಲೆ’ ಅಣ್ವಸ್ತ್ರ ದಾಳಿ ನಡೆದರೆ ಪ್ರತಿದಾಳಿ ಎಂದು ಅದು ಹೇಳುತ್ತದೆ. ‘ಎಲ್ಲೇ ಇರುವ’ ಎಂಬುದನ್ನು ಗಮನಿಸಿ: ಗಡಿ ದಾಟಿ ಹೋದ ನಮ್ಮ ಟ್ಯಾಂಕ್ ದಳವೂ ಇದರೊಳಗೆ ಬಂತು. ಇನ್ನೊಂದು ಅಂಶ ನೇರ ವಿನಾಯಿತಿ: ಜೈವಿಕ ಅಥವಾ ರಾಸಾಯನಿಕ ಅಸ್ತ್ರಗಳಿಂದ ದೊಡ್ಡ ದಾಳಿಯಾದರೆ ಅಣ್ವಸ್ತ್ರದಿಂದ ಉತ್ತರಿಸುವ ಆಯ್ಕೆಯನ್ನು ಭಾರತ ಉಳಿಸಿಕೊಂಡಿದೆ. ಹಾಗಾಗಿ ‘ಯಾವ ಸಂದರ್ಭದಲ್ಲೂ ಭಾರತ ಮೊದಲು ಅಣ್ವಸ್ತ್ರ ಬಳಸದು’ ಎಂದು ಬರೆಯುವುದು ತಪ್ಪು. ಅಪ್ಪಣೆ ಕೊಡುವ ಅಧಿಕಾರ ಸೇನೆಗಿಲ್ಲ. ಅದು ನ್ಯೂಕ್ಲಿಯರ್ ಕಮಾಂಡ್ ಅಥಾರಿಟಿಯ ರಾಜಕೀಯ ಮಂಡಳಿಯದು, ಪ್ರಧಾನಿ ಅದರ ಅಧ್ಯಕ್ಷರು.

ನಿಜವಾದ ತೊಡಕು ಇರುವುದು ‘ಭಾರಿ’ ಎಂಬ ಒಂದೇ ವಿಶೇಷಣದಲ್ಲಿ. 1999ರ ಕರಡಿನಲ್ಲಿ ‘ದಂಡನಾತ್ಮಕ’ ಎಂದಿದ್ದ ಪ್ರತಿದಾಳಿ 2003ರಲ್ಲಿ ‘ಭಾರಿ’ ಆಯಿತು. 2011ರಲ್ಲಿ ಪಾಕಿಸ್ತಾನ ‘ನಸ್ರ್’ ಕ್ಷಿಪಣಿಯನ್ನು ಪರೀಕ್ಷಿಸಿತು. ಆಗ ಅದರ ವ್ಯಾಪ್ತಿ ಕೇವಲ 60 ಕಿ.ಮೀ., ಗುರಿ ಮುನ್ನುಗ್ಗುವ ಭಾರತೀಯ ಪಡೆ. ಪಾಕ್ ನೆಲದಲ್ಲಿರುವ ನಮ್ಮ ಒಂದು ದಳದ ಮೇಲೆ ಅದರ ಸಣ್ಣ ಅಣ್ವಸ್ತ್ರ ಸಿಡಿತಲೆಯೊಂದು ಬಿತ್ತೆನ್ನಿ. ಬರಹದ ಪ್ರಕಾರ ಉತ್ತರ ಭಾರಿಯಾಗಿರಬೇಕು, ಎಂದರೆ ಅವರ ನಗರಗಳು ನಾಶ. ಆಮೇಲೆ ಅವರ ಬಳಿ ಉಳಿದ ಅಸ್ತ್ರಗಳು ನಮ್ಮ ನಗರಗಳ ಮೇಲೆ. ದೆಹಲಿ ಅಷ್ಟರ ಮಟ್ಟಿಗೆ ಹೋಗದು ಎಂದು ಎದುರಾಳಿ ಲೆಕ್ಕ ಹಾಕಿದರೆ ಬೆದರಿಕೆ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ನೀತಿಯಲ್ಲಿ ಮರುಪರಿಶೀಲನೆ ಬೇಕಾದದ್ದು ಈ ಪದಕ್ಕೆ, ‘ಮೊದಲು ಬಳಸುವುದಿಲ್ಲ’ ಎಂಬ ಮಾತಿಗಲ್ಲ.

ಮೊದಲ ಏಟು ತಿಂದೂ ಉತ್ತರ ಕೊಡಬೇಕಾದರೆ ಅಸ್ತ್ರಗಳು ಉಳಿದಿರಬೇಕಲ್ಲ? ಅದಕ್ಕೇ ಜಲಾಂತರ್ಗಾಮಿ. ವಾಯುನೆಲೆಯನ್ನು ಉಪಗ್ರಹದಿಂದ ಗುರುತಿಸಬಹುದು, ಸಮುದ್ರದಾಳದ ನೌಕೆಯನ್ನು ಹುಡುಕುವುದು ಬಲು ಕಷ್ಟ. ಇಂಥ ಜಲಾಂತರ್ಗಾಮಿಯಾದ ಐಎನ್‌ಎಸ್ ಅರಿಹಂತ್ ಮೊದಲ ಗಸ್ತು ಮುಗಿಸಿದ್ದನ್ನು 2018ರ ನವೆಂಬರ್‌ನಲ್ಲಿ ಸರ್ಕಾರ ಪ್ರಕಟಿಸಿತು. ಆದರೆ ಅದರ ಕೆ-15 ಕ್ಷಿಪಣಿ ಹೋಗುವುದು ಸುಮಾರು 750 ಕಿ.ಮೀ. ಬಂಗಾಳ ಕೊಲ್ಲಿಯಿಂದ ಬೀಜಿಂಗ್‌ಗೆ ಅದು ಏನೇನೂ ಸಾಲದು. ಸುಮಾರು 3,500 ಕಿ.ಮೀ. ವ್ಯಾಪ್ತಿಯ ಕೆ-4 ಬೇಕಾದದ್ದು ಇದಕ್ಕೇ.

2019ರ ಆಗಸ್ಟ್ 16ರಂದು ಪೋಖ್ರಾನ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್, ಈವರೆಗೆ ಈ ನೀತಿಗೆ ಬದ್ಧರಾಗಿದ್ದೇವೆ, ಮುಂದೇನಾಗುವುದೋ ಅದು ಸಂದರ್ಭವನ್ನು ಅವಲಂಬಿಸಿದೆ ಎಂದರು. 2003ರ ಪ್ರಕಟಣೆ ಮಾತ್ರ ಬದಲಾಗಿಲ್ಲ.

ಅದೇ ಪ್ರಕಟಣೆಯ ಕೊನೆಯ ಅಂಶ ನಿಶ್ಶಸ್ತ್ರೀಕರಣ: ಜಾಗತಿಕವಾದ, ಪರಿಶೀಲಿಸಬಹುದಾದ, ತಾರತಮ್ಯವಿಲ್ಲದ ನಿಶ್ಶಸ್ತ್ರೀಕರಣಕ್ಕೆ ಭಾರತ ಬದ್ಧ. ಇಲ್ಲಿ ‘ತಾರತಮ್ಯವಿಲ್ಲದ’ ಎಂಬುದೇ ಮುಖ್ಯ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವು (ಎನ್‌ಪಿಟಿ) 1967ರ ಜನವರಿ 1ಕ್ಕೂ ಮೊದಲು ಸ್ಫೋಟ ನಡೆಸಿದ ಐದು ದೇಶಗಳನ್ನಷ್ಟೇ ಅಣ್ವಸ್ತ್ರ ರಾಷ್ಟ್ರಗಳೆಂದು ಒಪ್ಪುತ್ತದೆ, ಅದಕ್ಕೇ ಭಾರತ ಸಹಿ ಹಾಕಿಲ್ಲ. ರಾಜೀವ್ ಗಾಂಧಿ 1988ರಲ್ಲಿ ವಿಶ್ವಸಂಸ್ಥೆಯ ಮುಂದೆ 2010ರೊಳಗೆ ಎಲ್ಲ ಅಣ್ವಸ್ತ್ರಗಳನ್ನೂ ತೊಡೆದುಹಾಕುವ ಯೋಜನೆ ಇಟ್ಟಿದ್ದರು. ಅಣ್ವಸ್ತ್ರ ಬಳಕೆಯನ್ನೇ ನಿಷೇಧಿಸುವ ಒಪ್ಪಂದ ಬೇಕೆಂಬ ನಿರ್ಣಯವನ್ನು ಭಾರತ 1982ರಿಂದಲೂ ಮಹಾಸಭೆಯಲ್ಲಿ ಮಂಡಿಸುತ್ತಾ ಬಂದಿದೆ. ಅಮೆರಿಕ, ಬ್ರಿಟನ್, ಫ್ರಾನ್ಸ್ ಅದರ ವಿರುದ್ಧ ಮತ ಹಾಕುತ್ತಾ ಬಂದಿವೆ.