ಸುಂಕದ ಕಟ್ಟೆಯಲ್ಲಿ ಗಾಡಿ: ಆಫ್ರಿಕದ ಗಡಿ ದಾಟುವ ಕಾಗದಗಳ ಕಥೆ

ಕಜುಂಗುಲಾ ಸೇತುವೆ ನೆಟ್ಟಗಿಲ್ಲ. ಬೋಟ್ಸ್ವಾನಾದ ದಡದಿಂದ ಹೊರಟು, ಜಾಂಬೆಜಿ ನದಿಯ ಮೇಲೆ ಬಿಲ್ಲಿನಂತೆ ಬಾಗಿ, ಜಾಂಬಿಯಾದ ದಡ ಸೇರುತ್ತದೆ. ಉದ್ದ 923 ಮೀಟರ್. ಹೀಗೆ ಬಾಗಿಸಿದ್ದು ಅಂದಕ್ಕಲ್ಲ. ನೆಟ್ಟಗೆ ಕಟ್ಟಿದ್ದರೆ ಅದು ಜಿಂಬಾಬ್ವೆಯ ನೀರಿನ ಮೇಲೆ ಹಾಯುತ್ತಿತ್ತು, ಜಿಂಬಾಬ್ವೆ ಆಗ ಈ ಯೋಜನೆಯಲ್ಲಿ ಪಾಲುದಾರನಾಗಿರಲಿಲ್ಲ. ಪಶ್ಚಿಮಕ್ಕೆ ಸರಿದರೆ ನಮೀಬಿಯಾ. ಬೋಟ್ಸ್ವಾನಾ, ಜಾಂಬಿಯಾ ಎರಡೂ ಒಂದಕ್ಕೊಂದು ತಾಗುವುದು ನದಿಯ ನಡುವೆ ಸುಮಾರು 150 ಮೀಟರ್ ಮಾತ್ರ. ಆ ಸಂದಿಯಲ್ಲೇ ಸೇತುವೆ ನುಸುಳಬೇಕಿತ್ತು.

2021ರ ಮೇ 10ರಂದು ಈ ಸೇತುವೆ ತೆರೆಯುವ ತನಕ ಇಲ್ಲಿ ಗಾಡಿಗಳು ದಾಟುತ್ತಿದ್ದದ್ದು ಲಾಂಚಿನಲ್ಲಿ. ಸಿಗಂದೂರಿಗೆ ಶರಾವತಿ ಹಿನ್ನೀರು ದಾಟಿ ಹೋದವರಿಗೆ ಆ ಕಾಯುವಿಕೆಯನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ಕಜುಂಗುಲಾದಲ್ಲಿ ಸಾಲು ನಿಲ್ಲುತ್ತಿದ್ದದ್ದು ಭಕ್ತರ ಬಸ್ಸುಗಳಲ್ಲ, ಕಾಂಗೊ ಮತ್ತು ಜಾಂಬಿಯಾದ ತಾಮ್ರ ಹೊತ್ತ ಭಾರೀ ಲಾರಿಗಳು. ಒಂದು ಸಲಕ್ಕೆ ಒಂದು ದೊಡ್ಡ ಲಾರಿ, ಉಳಿದ ಜಾಗದಲ್ಲಿ ನಾಲ್ಕಾರು ಸಣ್ಣ ಗಾಡಿ. ದಿನಗಟ್ಟಲೆ ಕಾದು, ಲಾರಿಯ ಕೆಳಗೇ ಅಡುಗೆ ಮಾಡಿಕೊಂಡು ಚಾಲಕರು ಬದುಕುತ್ತಿದ್ದರು. 2003ರಲ್ಲಿ ಮಿತಿಮೀರಿ ಹೇರು ಹೊತ್ತ ಲಾರಿಯೊಂದರಿಂದ ಲಾಂಚ್ ಮಗುಚಿ 18 ಜನ ನೀರುಪಾಲಾದರು.

ಆ ಲಾಂಚಿನ ಹಿಂದೆಯೂ ಒಂದು ಜಗಳವಿದೆ. 1970ರಲ್ಲಿ, ನಮೀಬಿಯಾವನ್ನು ಆಳುತ್ತಿದ್ದ ದಕ್ಷಿಣ ಆಫ್ರಿಕ, ಬೋಟ್ಸ್ವಾನಾಕ್ಕೂ ಜಾಂಬಿಯಾಕ್ಕೂ ಗಡಿಯೇ ಇಲ್ಲ, ಆದ್ದರಿಂದ ಈ ಲಾಂಚೇ ಅಕ್ರಮ ಎಂದು ವಾದಿಸಿತು. ಸುತ್ತಲೂ ಬಿಳಿಯರ ಆಡಳಿತವಿದ್ದ ಆ ಕಾಲದಲ್ಲಿ ಬೋಟ್ಸ್ವಾನಾಕ್ಕೆ ಸ್ವತಂತ್ರ ಕರಿಯರ ಆಫ್ರಿಕದ ಕಡೆಗೆ ಇದ್ದದ್ದು ಇದೊಂದೇ ಕಿಂಡಿ. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. 1979ರ ಏಪ್ರಿಲ್‌ನಲ್ಲಿ ರೊಡೇಶಿಯಾದ (ಇಂದಿನ ಜಿಂಬಾಬ್ವೆ) ಸೈನಿಕರು ಲಾಂಚನ್ನೇ ಮುಳುಗಿಸಿದರು.

ನಾಲ್ಕು ದೇಶಗಳು ಹೀಗೆ ನದಿಯೊಂದರ ನಡುವೆ ಮೂತಿಗೆ ಮೂತಿ ತಾಗಿಸಿ ಕುಳಿತದ್ದು ಹೇಗೆ? ನಮೀಬಿಯಾದ ನಕಾಶೆಯಲ್ಲಿ ಈಶಾನ್ಯಕ್ಕೆ ಬೆರಳಿನಂತೆ ಚಾಚಿದ ಪಟ್ಟಿಯೊಂದಿದೆ, ಕಪ್ರೀವಿ ಪಟ್ಟಿ. 1890ರಲ್ಲಿ, ಆಗ ನಮೀಬಿಯಾವನ್ನು ಆಳುತ್ತಿದ್ದ ಜರ್ಮನಿ ಜಾಂಜಿಬಾರ್ ಮೇಲಿನ ಹಕ್ಕು ಬಿಟ್ಟುಕೊಟ್ಟು, ಬದಲಿಗೆ ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪವನ್ನೂ ಜಾಂಬೆಜಿ ನದಿಗೆ ಹೋಗುವ ಈ ಓಣಿಯನ್ನೂ ಬ್ರಿಟನ್ನಿನಿಂದ ಪಡೆಯಿತು. ನದಿ ಹಿಡಿದು ಹಿಂದೂ ಮಹಾಸಾಗರ ತಲುಪಬಹುದೆಂಬ ಆಸೆ. ಸ್ವಲ್ಪ ಕೆಳಗೆ ಅದೇ ನದಿ ವಿಕ್ಟೋರಿಯಾ ಜಲಪಾತವಾಗಿ ನೂರು ಮೀಟರ್ ಕೆಳಗೆ ಧುಮುಕುತ್ತದೆ! ದೂರದ ಕಚೇರಿಯ ಮೇಜಿನ ಮೇಲೆ ಎಳೆದ ಗೆರೆಗಳ ಯೋಗ್ಯತೆ ಇಷ್ಟು. ಆದರೂ 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕ ಏಕತಾ ಸಂಘಟನೆಯ ನಾಯಕರು, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಗೌರವಿಸೋಣ ಎಂದು ನಿರ್ಣಯಿಸಿದರು. ಬಿಚ್ಚಲು ಹೊರಟರೆ ಎಲ್ಲಿ ನಿಲ್ಲುತ್ತದೋ ಎಂಬ ಹೆದರಿಕೆ ಅವರಿಗಿತ್ತು. ಆ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ.

ಗೆರೆಯ ಮಾತು ಹೀಗಾಯಿತು. ಆದರೆ ಸ್ವಂತ ಗಾಡಿಯಲ್ಲಿ ಹೋಗುವವನನ್ನು ನಿಜವಾಗಿ ತಡೆಯುವುದು ಗೆರೆಯಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಬೀಳಲು ಹೆಚ್ಚು ಹೊತ್ತು ಬೇಡ. ಅದಾದ ಮೇಲೆ ಮತ್ತೊಂದು ಕಿಟಕಿಯಲ್ಲಿ ಕಸ್ಟಮ್ಸ್‌ನವರು ಕೇಳುತ್ತಾರೆ: ಗಾಡಿ ಯಾರದ್ದು? ಕಾನೂನಿನ ಕಣ್ಣಿಗೆ ನೀವು ಪ್ರವಾಸಿ, ನಿಮ್ಮ ಕಾರು ಮಾತ್ರ ಆಮದು ಸರಕು. ನೀವು ಅದರೊಳಗೆ ಕುಳಿತು ಬಂದದ್ದು ಅವರ ಮಟ್ಟಿಗೆ ಆಕಸ್ಮಿಕ. ನಾಳೆ ಅದನ್ನು ಅಲ್ಲೇ ಮಾರಿ, ವಿಮಾನ ಹತ್ತಿ ಹೋಗುವುದಿಲ್ಲ ಎಂಬುದಕ್ಕೆ ಏನು ಖಾತರಿ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗದು, ಅವನಿಗೆ ಕಾಗದ ಬೇಕು.

ಈ ಅನುಮಾನಕ್ಕೆ ಕಾರಣವೂ ಇದೆ. ದಕ್ಷಿಣ ಆಫ್ರಿಕ ತನ್ನ ಕಾರು ಕಾರ್ಖಾನೆಗಳನ್ನು ಕಾಯಲು ಹಳೆಯ ಕಾರುಗಳ ಆಮದಿಗೆ ತಡೆ ಹಾಕಿದೆ. ಆದರೆ ಜಪಾನಿನಿಂದ ಬರುವ ಹಳೆಯ ಕಾರುಗಳು ಅದರದೇ ಡರ್ಬನ್ ಬಂದರಿನಲ್ಲಿಳಿದು ಉತ್ತರದ ದೇಶಗಳಿಗೆ ಸಾಗುತ್ತವೆ. ಆ ದೇಶಗಳಲ್ಲಿ ಕಾರಿನ ಸುಂಕ ಭಾರಿ, ಕೆಲವು ಕಡೆ ಖಜಾನೆಗೆ ಅದೂ ಒಂದು ದೊಡ್ಡ ಆದಾಯ. ಜೊತೆಗೆ ಜೊಹಾನ್ಸ್‌ಬರ್ಗಿನಲ್ಲಿ ಕಳುವಾದ ಗಾಡಿಗಳು ಗಡಿಯಾಚೆ ಮಾರಾಟವಾಗುವ ಹಳೆಯ ದಂಧೆ. ಹಾಗಾಗಿ ಎಂಜಿನ್ ನಂಬರು, ಚಾಸಿ ನಂಬರು ನೋಡುವುದು, ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳುವುದು, ಬೇರೆಯವರ ಗಾಡಿಯಾದರೆ ಮಾಲೀಕರ ಪತ್ರ ಕೇಳುವುದು. ಕೇಳುವ ದನಿ ಒರಟಾಗಿರಬಹುದು, ಆದರೆ ಕೇಳುವುದರಲ್ಲಿ ಅರ್ಥವಿದೆ.

ಈ ಸಮಸ್ಯೆಗೆ ಮೊದಲ ಪರಿಹಾರ ಹುಟ್ಟಿದ್ದು ಯುರೋಪಿನಲ್ಲಿ, ಕಾರು ಶ್ರೀಮಂತರ ಆಟಿಕೆಯಾಗಿದ್ದ ಕಾಲಕ್ಕೆ. ಪ್ರತಿ ಗಡಿಯಲ್ಲೂ ಕಾರಿನ ಸುಂಕವನ್ನು ನಗದಾಗಿ ಠೇವಣಿ ಇಟ್ಟು, ಹೊರಡುವಾಗ ಮರಳಿ ಪಡೆಯುವ ಕಿರಿಕಿರಿಯಿಂದ ಬೇಸತ್ತ ಮೋಟಾರು ಕ್ಲಬ್ಬುಗಳು ತಾವೇ ಜಾಮೀನು ನಿಂತವು. ಹಾಗೆ ಬಂದದ್ದು 'ಕಾರ್ನೆ'. ಫ್ರೆಂಚಿನಲ್ಲಿ ಸಣ್ಣ ಪುಸ್ತಕ ಎಂದರ್ಥ, ಸ್ವಂತ ಗಾಡಿಯಲ್ಲಿ ದೇಶದೇಶ ಸುತ್ತುವ ಓವರ್‌ಲ್ಯಾಂಡ್ ಪ್ರಯಾಣಿಕರು ಇವತ್ತಿಗೂ ಬಳಸುವ ಮಾತು. 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಖಾಸಗಿ ಗಾಡಿಗಳ ತಾತ್ಕಾಲಿಕ ಆಮದಿಗೆ ಕಾನೂನಿನ ನೆಲೆ ಕೊಟ್ಟಿತು.

ಕಾರ್ನೆ ಕೆಲಸ ಮಾಡುವ ರೀತಿ ನಮ್ಮ ಹಳೆಯ ರಸೀದಿ ಪುಸ್ತಕದಂತೆಯೇ. ಒಂದೊಂದು ದೇಶಕ್ಕೆ ಒಂದು ಹಾಳೆ, ಹಾಳೆಗೆ ಮೂರು ತುಂಡು. ಒಳಬರುವಾಗ ಒಂದು ತುಂಡು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ಇನ್ನೊಂದು. ಉಳಿದ ಬುಡದಲ್ಲಿ ಎರಡೂ ಮುದ್ರೆ ಬಿದ್ದಿರಬೇಕು. ಹೊರಹೋದ ಮುದ್ರೆ ಇಲ್ಲವೋ, ಗಾಡಿ ಆ ದೇಶದಲ್ಲೇ ಉಳಿಯಿತೆಂದು ಲೆಕ್ಕ. ಆ ದೇಶ ಸುಂಕವನ್ನು ಕ್ಲಬ್ಬಿನಿಂದ ಕೇಳುತ್ತದೆ, ಕ್ಲಬ್ಬು ನಿಮ್ಮ ಠೇವಣಿಯಿಂದ ವಸೂಲು ಮಾಡುತ್ತದೆ. ಭಾರತದವರಿಗೆ ಇದನ್ನು ಕೊಡುವ ಸಂಸ್ಥೆಗಳಲ್ಲಿ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಹೆಸರುವಾಸಿ. ಬೆಂಗಳೂರಿನ ಬೈಕನ್ನು ಹಡಗಿಗೆ ಹಾಕಿ ಕೆನ್ಯಾದ ಮೊಂಬಾಸಾದಲ್ಲಿ ಇಳಿಸಿಕೊಳ್ಳುವ ಕನಸಿದ್ದವರು ಮೊದಲು ಹತ್ತಬೇಕಾದದ್ದು ಇಂಥ ಸಂಸ್ಥೆಯ ಮೆಟ್ಟಿಲು. ಠೇವಣಿಯ ಮೊತ್ತ ದಾರಿಯ ಮೇಲೆ ನಿಂತಿದೆ. ದಾರಿಯಲ್ಲಿ ಈಜಿಪ್ಟ್ ಇದ್ದರೆ ಅದು ಗಾಡಿಯ ಬೆಲೆಯನ್ನೇ ಮೀರಿ ಹಲವು ಪಟ್ಟಾಗಬಹುದು, ಏಕೆಂದರೆ ಅಲ್ಲಿಯ ಕಾರು ಸುಂಕವೇ ಅಷ್ಟು. ಈಜಿಪ್ಟ್ ಕಾರ್ನೆಯಷ್ಟಕ್ಕೇ ಸುಮ್ಮನಾಗುವುದೂ ಇಲ್ಲ, ಅರಬಿ ಅಂಕಿಗಳ ತಾತ್ಕಾಲಿಕ ನಂಬರ್ ಪ್ಲೇಟನ್ನೂ ಕೊಡುತ್ತದೆ.

ದಕ್ಷಿಣದಲ್ಲಿ ಕಥೆ ಬೇರೆ. ದಕ್ಷಿಣ ಆಫ್ರಿಕ, ಬೋಟ್ಸ್ವಾನಾ, ಲೆಸೊಥೊ, ಎಸ್ವಾಟಿನಿ, ನಮೀಬಿಯಾ ಒಂದೇ ಸುಂಕ ಒಕ್ಕೂಟದಲ್ಲಿವೆ. 1910ರಲ್ಲಿ ಆದ ಈ ಒಕ್ಕೂಟ ಜಗತ್ತಿನಲ್ಲೇ ಇವತ್ತಿಗೂ ನಡೆಯುತ್ತಿರುವ ಅತಿ ಹಳೆಯದು. ವಸಾಹತು ಆಡಳಿತದ ಅನುಕೂಲಕ್ಕೆ ಹುಟ್ಟಿದ್ದು, ವರ್ಣಭೇದದ ದಿನಗಳಲ್ಲಿ ನೆರೆಯ ಸಣ್ಣ ದೇಶಗಳನ್ನು ಪ್ರಿಟೋರಿಯಾಕ್ಕೆ ಕಟ್ಟಿಹಾಕಿದ ಹಗ್ಗವೂ ಹೌದು. ಆದರೆ ಇಲ್ಲಿ ನೋಂದಣಿಯಾದ ಕಾರಿಗೆ ಒಕ್ಕೂಟದೊಳಗೆ ಕಾರ್ನೆ ಬೇಡ, ರಸ್ತೆ ಶುಲ್ಕ ಕಟ್ಟಿ ಮುಂದುವರಿಯಬಹುದು. ವಿಮೆಯಲ್ಲೂ ಇಲ್ಲೊಂದು ಜಾಣತನವಿದೆ. ದಕ್ಷಿಣ ಆಫ್ರಿಕದಲ್ಲಿ ಪೆಟ್ರೋಲಿನ ಬೆಲೆಯಲ್ಲೇ ಅಪಘಾತ ನಿಧಿಯ ಪಾಲು ಸೇರಿರುತ್ತದೆ. ಟ್ಯಾಂಕ್ ತುಂಬಿಸಿದರೆ, ನಿಮ್ಮಿಂದ ಗಾಯಗೊಂಡವರ ಪರಿಹಾರದ ಹಣವನ್ನೂ ಕಟ್ಟಿದಂತೆಯೇ.

ಲಿಂಪೊಪೊ ನದಿ ದಾಟಿ ಜಿಂಬಾಬ್ವೆಗೆ ಕಾಲಿಟ್ಟರೆ ಆ ಸುಖ ಮುಗಿಯಿತು. ಅಲ್ಲಿ ಬೈಟ್‌ಬ್ರಿಜ್. 1929ರಲ್ಲಿ ಕಟ್ಟಿದ ಸೇತುವೆಗೆ ವಜ್ರ ಮತ್ತು ಚಿನ್ನದ ಧಣಿ ಆಲ್‌ಫ್ರೆಡ್ ಬೈಟ್ ಹೆಸರು. ಜಿಂಬಾಬ್ವೆಯ ಇನ್ನೊಂದು ತುದಿಯಲ್ಲಿ, ಜಾಂಬೆಜಿ ನದಿಗೆ ಚಿರುಂಡುವಿನಲ್ಲಿ 1939ರಲ್ಲಿ ಕಟ್ಟಿದ ತೂಗುಸೇತುವೆಗೆ ಅವನ ತಮ್ಮ ಒಟ್ಟೊ ಬೈಟ್ ಹೆಸರು. ದೇಶದ ಬಾಗಿಲಲ್ಲೊಬ್ಬ, ಹಿತ್ತಿಲಲ್ಲೊಬ್ಬ. ಡಿಸೆಂಬರ್ ಬಂತೆಂದರೆ ದಕ್ಷಿಣ ಆಫ್ರಿಕದಲ್ಲಿ ದುಡಿಯುವ ಜಿಂಬಾಬ್ವೆಯವರು ಕ್ರಿಸ್‌ಮಸ್‌ಗೆ ಊರಿಗೆ ಹೊರಡುತ್ತಾರೆ. ಟಾಪಿನ ಮೇಲೆ ಹಾಸಿಗೆ, ಫ್ರಿಜ್ಜು, ಎಣ್ಣೆ ಡಬ್ಬ, ಹಿಂದೆ ಟ್ರೇಲರ್. ಬೈಟ್‌ಬ್ರಿಜ್‌ನ ಸಾಲು ಆಗ ಮೈಲುಗಟ್ಟಲೆ. ರಾತ್ರಿಯೆಲ್ಲ ನಡೆದು ಸುಂಕದ ಕಟ್ಟೆಯಲ್ಲಿ ಬೆಳಗಾಯಿತು ಎಂಬ ನಮ್ಮ ಗಾದೆ ಅವರಿಗೆ ಗೊತ್ತಿದ್ದರೆ ಅಳುತ್ತ ನಗುತ್ತಿದ್ದರು.

ಇಲ್ಲಿಂದ ಮುಂದೆ ಕಿಟಕಿಗಳ ಸಂಖ್ಯೆ ಏರುತ್ತದೆ. ಜಿಂಬಾಬ್ವೆ, ಜಾಂಬಿಯಾಗಳಿಗೆ ಕಾರ್ನೆ ಇಲ್ಲದಿದ್ದರೂ ನಡೆಯುತ್ತದೆ, ಗಡಿಯಲ್ಲೇ ತಾತ್ಕಾಲಿಕ ಆಮದು ಪರವಾನಗಿ ಬರೆದುಕೊಡುತ್ತಾರೆ. ಅದರ ಮೇಲೆ ರಸ್ತೆ ಶುಲ್ಕ, ವಿಮೆ, ಸ್ಥಳೀಯ ಆಡಳಿತದ ಶುಲ್ಕ, ಹೀಗೆ ಒಂದೊಂದಕ್ಕೆ ಒಂದೊಂದು ರಸೀದಿ. ಯಾವ ಕಿಟಕಿ ಮೊದಲು, ಯಾವುದಕ್ಕೆ ಡಾಲರು, ಯಾವುದಕ್ಕೆ ಸ್ಥಳೀಯ ಹಣ ಎಂದು ಹೊಸಬನಿಗೆ ತಿಳಿಯದು. ಹಾಗಾಗಿಯೇ ಗಾಡಿ ನಿಲ್ಲುವ ಮೊದಲೇ ಪಕ್ಕದಲ್ಲಿ ಓಡಿಬರುವ ಹುಡುಗರು, 'ರನ್ನರ್'ಗಳು. ಪ್ರವಾಸಿಗರು ಇವರನ್ನು ಬೈಯುವುದು ವಾಡಿಕೆ. ನಮ್ಮ ಆರ್‌ಟಿಒ ಕಚೇರಿಯ ಮುಂದೆ ಮರದ ಕೆಳಗೆ ಕೂತ ಏಜೆಂಟರನ್ನು ಕಂಡವರು ಅಷ್ಟು ಸುಲಭಕ್ಕೆ ಬೈಯಲಾರರು. ಫಾರಂ ಸರಳವಾಗಿದ್ದರೆ ಈ ಕಸುಬು ಹುಟ್ಟುತ್ತಲೇ ಇರಲಿಲ್ಲ. ಅವರಲ್ಲಿ ಮೋಸಗಾರರಿದ್ದಾರೆ ನಿಜ, ಪಾಸ್‌ಪೋರ್ಟು ಮತ್ತು ಹಣವನ್ನು ಅವರ ಕೈಗೆ ಕೊಟ್ಟು ಕಾರಿನಲ್ಲಿ ಕೂರುವುದು ಜಾಣತನವಲ್ಲ.

ರಸೀದಿಗಳ ಈ ರಾಶಿಯಲ್ಲಿ ಮೊದಲು ಕರಗಿದ್ದು ವಿಮೆ. ಪಶ್ಚಿಮ ಆಫ್ರಿಕದ ದೇಶಗಳು 1982ರಲ್ಲಿ ಕೊಟೊನೂವಿನಲ್ಲಿ 'ಬ್ರೌನ್ ಕಾರ್ಡ್' ಒಪ್ಪಂದ ಮಾಡಿಕೊಂಡವು, ಪೂರ್ವ ಮತ್ತು ದಕ್ಷಿಣದವು 1986ರಲ್ಲಿ 'ಯೆಲ್ಲೊ ಕಾರ್ಡ್'. ನಿಮ್ಮ ದೇಶದ ವಿಮೆಯ ಜೊತೆ ಹಳದಿ ಕಾರ್ಡೊಂದನ್ನು ಕೊಂಡರೆ ಒಪ್ಪಂದಕ್ಕೆ ಸೇರಿದ ಬೇರೆ ದೇಶದಲ್ಲಿ ನಿಮ್ಮಿಂದಾದ ಅಪಘಾತಕ್ಕೂ ಅದು ಸಲ್ಲುತ್ತದೆ. ಗಡಿಗೊಂದು ವಿಮೆ ಕೊಳ್ಳುವುದು ತಪ್ಪಿತು. ಸದ್ದಿಲ್ಲದೆ ಆದ ಕೆಲಸವಾದ್ದರಿಂದ ಇದಕ್ಕೆ ಹೊಗಳಿಕೆ ಸಿಕ್ಕಿದ್ದು ಕಡಿಮೆ.

ಕಾಗದ ಎಷ್ಟೇ ಸರಿಯಿದ್ದರೂ ರಾಜಕೀಯ ಕೆಟ್ಟರೆ ಗೇಟು ಬೀಳುತ್ತದೆ. 1973ರ ಜನವರಿಯಲ್ಲಿ ರೊಡೇಶಿಯಾದ ಬಿಳಿಯ ಪ್ರಧಾನಿ ಇಯಾನ್ ಸ್ಮಿತ್ ಜಾಂಬಿಯಾ ಜೊತೆಗಿನ ಗಡಿ ಮುಚ್ಚಿದ. ಕೆಲವೇ ದಿನಗಳಲ್ಲಿ ತೆರೆಯುತ್ತೇನೆಂದಾಗ ಜಾಂಬಿಯಾದ ಅಧ್ಯಕ್ಷ ಕೆನೆತ್ ಕೌಂಡಾ ಒಪ್ಪಲಿಲ್ಲ, ತನ್ನ ಕಡೆ ಮುಚ್ಚಿಯೇ ಇಟ್ಟರು, 1978ರ ತನಕ. ನಡುವೆ 1975ರ ಆಗಸ್ಟಿನಲ್ಲಿ ಮಾತುಕತೆಗೆ ಜಾಗ ಬೇಕಾದಾಗ ಸಿಕ್ಕಿದ್ದು ವಿಕ್ಟೋರಿಯಾ ಜಲಪಾತದ ಸೇತುವೆ. ಅದರ ನಡುವೆ ರೈಲು ಬೋಗಿಯೊಂದನ್ನು ನಿಲ್ಲಿಸಿ, ಎರಡು ಕಡೆಯವರು ತಂತಮ್ಮ ನೆಲದ ಮೇಲೆಯೇ ಕುಳಿತಂತೆ ಮೇಜು ಹಾಕಲಾಯಿತು. ಮಾತುಕತೆ ಮುರಿದುಬಿತ್ತು. ಪೂರ್ವದಲ್ಲಿ 1977ರಲ್ಲಿ ಪೂರ್ವ ಆಫ್ರಿಕ ಸಮುದಾಯ ಒಡೆದಾಗ ತಾಂಜಾನಿಯಾ ಕೆನ್ಯಾ ಗಡಿಯನ್ನು ಮುಚ್ಚಿತು, ತೆರೆದದ್ದು 1983ರಲ್ಲಿ. ಮೊರೊಕ್ಕೊ ಮತ್ತು ಅಲ್ಜೀರಿಯಾದ ನಡುವಿನ ಭೂಗಡಿ 1994ರಿಂದ ಮುಚ್ಚಿಯೇ ಇದೆ. ಕೈರೋದಿಂದ ಕೇಪ್‌ಟೌನಿಗೆ ಹೋಗುವವರು ಬಹುಕಾಲ ಈಜಿಪ್ಟಿನಿಂದ ಸುಡಾನಿಗೆ ನೈಲ್ ಅಣೆಕಟ್ಟಿನ ಹಿನ್ನೀರಿನ ದೋಣಿಯನ್ನೇ ನಂಬಿದ್ದರು. 2014ರಲ್ಲಿ ಭೂಮಾರ್ಗ ತೆರೆಯಿತು, 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಗಿ ಆ ದಾರಿಯೇ ಹರಿದುಹೋಯಿತು.

ಇಷ್ಟರ ನಡುವೆ ನಿಜವಾದ ಬದಲಾವಣೆ ಬಂದದ್ದು ಜಿಂಬಾಬ್ವೆ ಜಾಂಬಿಯಾ ನಡುವಿನ ಚಿರುಂಡುವಿನಲ್ಲಿ, 2009ರ ಡಿಸೆಂಬರಿನಲ್ಲಿ. ಅಲ್ಲಿಯ ತನಕ ಒಂದೇ ಗಾಡಿಯನ್ನು ಸೇತುವೆಯ ಈಚೆ ಒಂದು ದೇಶ, ಆಚೆ ಇನ್ನೊಂದು ದೇಶ ಪರೀಕ್ಷಿಸುತ್ತಿದ್ದವು. ಲಾರಿಗಳು ದಿನಗಟ್ಟಲೆ ನಿಲ್ಲುತ್ತಿದ್ದವು. ಎರಡೂ ದೇಶಗಳು ಸೇರಿ ಮಾಡಿದ ಉಪಾಯ ಕೇಳಲು ಸರಳ: ಉತ್ತರಕ್ಕೆ ಹೋಗುವವರ ಎಲ್ಲ ಕಾಗದವನ್ನೂ ಜಾಂಬಿಯಾ ಕಡೆ, ದಕ್ಷಿಣಕ್ಕೆ ಹೋಗುವವರದ್ದನ್ನು ಜಿಂಬಾಬ್ವೆ ಕಡೆ, ಒಂದೇ ಸೂರಿನಡಿ ಎರಡೂ ದೇಶದವರು ಮುಗಿಸುವುದು. ಮಾಡುವುದು ಸರಳವಾಗಿರಲಿಲ್ಲ. ಜಾಂಬಿಯಾದ ಅಧಿಕಾರಿ ಜಿಂಬಾಬ್ವೆಯ ನೆಲದಲ್ಲಿ ಕುಳಿತು ತನ್ನ ದೇಶದ ಕಾನೂನು ಚಲಾಯಿಸಬೇಕು, ಅಗತ್ಯ ಬಿದ್ದರೆ ಗಾಡಿಯನ್ನು ಜಪ್ತಿ ಮಾಡಬೇಕು. ಸಾರ್ವಭೌಮತ್ವದ ಮಾತಾಡುವ ಯಾವ ಸರ್ಕಾರವೂ ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಇದಕ್ಕೆಂದೇ ಎರಡೂ ದೇಶಗಳು ಪ್ರತ್ಯೇಕ ಕಾಯ್ದೆ ಮಾಡಿದವು. ಆಫ್ರಿಕದ ಮೊದಲ ಏಕ ನಿಲುಗಡೆ ಗಡಿ ಕಚೇರಿ ಅದು. ಆಮೇಲೆ ಕೆನ್ಯಾ ಉಗಾಂಡಾ ನಡುವಿನ ಬುಸಿಯಾ, ಕೆನ್ಯಾ ತಾಂಜಾನಿಯಾ ನಡುವಿನ ನಮಾಂಗಾ ಅದೇ ಹಾದಿ ಹಿಡಿದವು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಅತ್ತಿಬೆಲೆಯಂಥ ತೆರಿಗೆ ಚೆಕ್‌ಪೋಸ್ಟುಗಳು ಖಾಲಿಯಾದಾಗ ಲಾರಿ ಚಾಲಕರಿಗೆ ಏನನ್ನಿಸಿತೋ, ಚಿರುಂಡುವಿನವರಿಗೂ ಸುಮಾರು ಅದೇ ಅನ್ನಿಸಿರಬೇಕು.

ಕಜುಂಗುಲಾ ಸೇತುವೆಯ ಜೊತೆಗೂ ಇದೇ ಬಗೆಯ ಕಚೇರಿ ಬಂದಿದೆ. ಲಾಂಚ್ ನಿಲ್ಲುತ್ತಿದ್ದ ದಡದಲ್ಲಿ ಈಗ ಸದ್ದಿಲ್ಲ. ಆದರೆ ದಕ್ಷಿಣಕ್ಕೆ ಬರುವವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ಬೋಟ್ಸ್ವಾನಾ ತನ್ನ ದನದ ಮಾಂಸವನ್ನು ಯುರೋಪಿಗೆ ಮಾರುವ ದೇಶ, ಕಾಲುಬಾಯಿ ಜ್ವರವೆಂದರೆ ಅದಕ್ಕೆ ಜೀವಭಯ. ಆದ್ದರಿಂದ ಡಬ್ಬಿಯಲ್ಲಿನ ಹಸಿ ಮಾಂಸವನ್ನು ತೆಗೆದಿರಿಸಿಕೊಳ್ಳುತ್ತಾರೆ, ಗಾಡಿಯ ಚಕ್ರಗಳನ್ನು ಔಷಧಿ ನೀರಿನಲ್ಲಿ ಹಾಯಿಸುತ್ತಾರೆ. ಪಾಸ್‌ಪೋರ್ಟು, ಪರವಾನಗಿ, ರಸೀದಿಗಳ ಕಟ್ಟು ಕೈಯಲ್ಲಿ ಹಿಡಿದ ಚಾಲಕ ಕೆಳಗಿಳಿದು, ನೆನೆದ ಮ್ಯಾಟಿನ ಮೇಲೆ ತನ್ನ ಬೂಟುಗಳನ್ನು ಒಂದೊಂದಾಗಿ ಒತ್ತಿ, ಗಾಡಿಯಲ್ಲಿರುವ ಇನ್ನೊಂದು ಜೊತೆ ಚಪ್ಪಲಿಯನ್ನೂ ತಂದು ಅದ್ದಬೇಕು.